ತೊಂಬತ್ತೊಂದನೇ ಕೀರ್ತನೆಯ ಫಾರ್ವರ್ಡು

2021ರ ಏಪ್ರಿಲ್ ಕೊನೆಯ ವಾರ. ಬೆಂಗಳೂರಿನ ನಮ್ಮ ಎರಡು ಕೋಣೆಯ ಮನೆಯಲ್ಲಿ ನಾನು ಮತ್ತು ನನ್ನ ರೂಮ್‌ಮೇಟ್ ಇಬ್ಬರೇ. ಹೊರಗೆ ದಿನವಿಡೀ ಆಂಬುಲೆನ್ಸ್ ಸದ್ದು, ಒಳಗೆ ದಿನವಿಡೀ ಆಫೀಸಿನ ಕಾಲ್. ಅವನು ಗದಗ-ಬೆಟಗೇರಿಯವನು, ಕ್ರಿಶ್ಚಿಯನ್. ಊರಲ್ಲಿ ಅವನ ಅಪ್ಪನಿಗೆ ಆಕ್ಸಿಜನ್ ಹಾಕಿ ನಾಲ್ಕು ದಿನ ಆಗಿತ್ತು. ಅವನ ಫೋನಿಗೆ ಗಂಟೆಗೊಂದು ಮೆಸೇಜು ಬರೋದು. ಬರುತ್ತಿದ್ದದ್ದು ಒಂದೇ, ಕಳಿಸೋರು ಮಾತ್ರ ಬೇರೆ ಬೇರೆ: ಹೂವಿನ ಚಿತ್ರದ ಮೇಲೆ ತೊಂಬತ್ತೊಂದನೇ ಕೀರ್ತನೆ. ಸಾವಿರ ಮಂದಿ ಪಕ್ಕದಲ್ಲೇ ಬಿದ್ದರೂ ನಿನ್ನ ಹತ್ತಿರಕ್ಕೆ ಬರೋದಿಲ್ಲ, ವ್ಯಾಧಿ ನಿನ್ನ ಮನೆ ಮುಟ್ಟೋದಿಲ್ಲ ಅನ್ನೋ ಭಾವದ ಸಾಲುಗಳು.

ಎಂಟನೇ ದಿನ ಅಪ್ಪ ಹೋದರು. ಮಣ್ಣಿಗೆ ಹೋಗೋಕೂ ಇವನಿಗೆ ಆಗಲಿಲ್ಲ, ವಿಡಿಯೋ ಕಾಲಿನಲ್ಲಿ ನೋಡಿದ. ಹದಿನೈದು ದಿನ ಬಿಟ್ಟು ಅವರ ಪ್ರಾರ್ಥನಾ ಗುಂಪಿನ ಹಿರಿಯರೊಬ್ಬರು ಫೋನು ಮಾಡಿ ಸಮಾಧಾನ ಹೇಳ್ತಾ ಹೇಳ್ತಾ, ವಿಶ್ವಾಸ ಇನ್ನೂ ಸ್ವಲ್ಪ ಗಟ್ಟಿ ಇದ್ದಿದ್ದರೆ ಅಂತ ಒಂದು ಮಾತು ಅಂದುಬಿಟ್ಟರು. ಫೋನಿಟ್ಟ ಮೇಲೆ ಇವನು ನನ್ನ ಕಡೆ ತಿರುಗಿ, "ಲೇ, ಹಂಗಂದ್ರ ನಮ್ಮಪ್ಪ ಸತ್ತದ್ದು ವೈರಸ್ಸಿಗೋ, ನನ್ನ ವಿಶ್ವಾಸಕ್ಕೋ?" ಅಂದ.

ನನ್ನ ಹತ್ತಿರ ಉತ್ತರ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಜಮಖಂಡಿ ತಾಲೂಕಿನ ಸಾವಳಗಿಯ ಲಿಂಗಾಯತರ ಮನೆಯಲ್ಲಿ. ಬೈಬಲ್ ನನ್ನ ಪುಸ್ತಕ ಅಲ್ಲ. ಆದರೆ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಕನ್ನಡದ ಬೈಬಲ್ ಅವನ ಕಪಾಟಿನಲ್ಲೇ ಇತ್ತು. ಬಳ್ಳಾರಿಯಲ್ಲಿ ಕೂತು ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1831ರ ಹೊತ್ತಿಗೆ ಇಡೀ ಬೈಬಲ್ಲನ್ನು ಕನ್ನಡಕ್ಕೆ ತಂದಿದ್ದರು. ಆಮೇಲೆ ತಿದ್ದಿ ತಿದ್ದಿ ಬಂದ ಆ ಕನ್ನಡ ಈಗಲೂ ಸ್ವಲ್ಪ ಹಳೇ ಕಾಗದದ ವಾಸನೆಯದು. ಲಾಕ್‌ಡೌನಿನ ರಾತ್ರಿಗಳಲ್ಲಿ ಅದನ್ನ ಓದಿದೆ. ಭಕ್ತನಾಗಿ ಅಲ್ಲ, ಕೋಡ್ ರಿವ್ಯೂ ಮಾಡೋನ ಹಾಗೆ: ಬರೆದದ್ದು ಏನು, ಜನ ಅದನ್ನ ಬಳಸ್ತಾ ಇರೋದು ಹೇಗೆ, ಎರಡಕ್ಕೂ ತಾಳೆ ಆಗ್ತದೋ ಇಲ್ಲವೋ. ಈ ಲೇಖನ ಆ ಓದಿನ ವಿಮರ್ಶೆ.

ಮೊದಲು ಆ ಕೀರ್ತನೆ. ಅದರಲ್ಲಿ ಹದಿನಾರು ವಚನ ಇವೆ. ಫಾರ್ವರ್ಡುಗಳು ಸಾಮಾನ್ಯವಾಗಿ ಹತ್ತಕ್ಕೆ ನಿಲ್ಲುತ್ತವೆ, ಮನೆಯ ಹತ್ತಿರ ಕೇಡು ಬಾರದು ಅನ್ನೋ ಜಾಗಕ್ಕೆ. ಅಲ್ಲಿಗೆ ನಿಲ್ಲಿಸಿದರೆ ಅದು ಇನ್ಶೂರೆನ್ಸ್ ಪಾಲಿಸಿ ತರಾನೇ ಓದಿಸಿಕೊಳ್ಳುತ್ತದೆ. ನಂಬಿಕೆ ಅನ್ನೋದು ಪ್ರೀಮಿಯಮ್ಮು, ಆರೋಗ್ಯ ಅನ್ನೋದು ಕ್ಲೇಮು. ಕ್ಲೇಮು ತಿರಸ್ಕಾರ ಆದರೆ ಪ್ರೀಮಿಯಮ್ಮು ಸರಿಯಾಗಿ ಕಟ್ಟಿಲ್ಲ ಅಂತ ಅರ್ಥ. ಆ ಹಿರಿಯರು ಹೇಳಿದ್ದೂ ಇದನ್ನೇ. ಆದರೆ ಹದಿನೈದನೇ ವಚನಕ್ಕೆ ಬಂದರೆ ಮಾತು ಬದಲಾಗುತ್ತದೆ. ಅಲ್ಲಿ ದೇವರೇ ಮಾತಾಡ್ತಾನೆ, ಇಕ್ಕಟ್ಟಿನಲ್ಲಿ ಅವನ ಜೊತೆಗೆ ಇರ್ತೀನಿ ಅಂತಾನೆ. ಜೊತೆಗಿರೋಕೆ ಮೊದಲು ಇಕ್ಕಟ್ಟು ಬರಬೇಕಲ್ಲ! ಅಂದರೆ ಇಕ್ಕಟ್ಟೇ ಬರೋದಿಲ್ಲ ಅನ್ನೋ ಅರ್ಥವನ್ನ ಆ ಕೀರ್ತನೆಯೇ ಒಪ್ಪೋದಿಲ್ಲ.

ಇನ್ನೊಂದು ಸಂಗತಿ ತಿಳಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. ಮತ್ತಾಯನ ಸುವಾರ್ತೆಯ ನಾಲ್ಕನೇ ಅಧ್ಯಾಯದಲ್ಲಿ ಇದೇ ಕೀರ್ತನೆಯನ್ನ ಒಬ್ಬ ಉದ್ಧರಿಸ್ತಾನೆ. ಯಾರು? ಸೈತಾನ. ಏಸುವನ್ನ ದೇವಾಲಯದ ತುದಿಗೆ ಕರಕೊಂಡು ಹೋಗಿ, ಕೆಳಗೆ ಹಾರು, ದೂತರು ಹಿಡೀತಾರೆ ಅಂತ ಬರೆದಿದೆಯಲ್ಲ ಅಂತಾನೆ. ಅದಕ್ಕೆ ಏಸು ಕೊಡೋ ಉತ್ತರವೂ ಶಾಸ್ತ್ರದ್ದೇ, ಧರ್ಮೋಪದೇಶಕಾಂಡದ್ದು: ದೇವರನ್ನ ಪರೀಕ್ಷೆ ಮಾಡಬಾರದು ಅಂತ. ಅಂದರೆ ಈ ಕೀರ್ತನೆಯನ್ನ ಗ್ಯಾರಂಟಿ ಕಾರ್ಡಿನ ಹಾಗೆ ಓದೋದು ಹೊಸ ತಪ್ಪಲ್ಲ. ಸುವಾರ್ತೆ ಬರೆದವನಿಗೆ ಅದು ಗೊತ್ತಿತ್ತು, ಆ ಓದನ್ನ ಯಾರ ಬಾಯಲ್ಲಿ ಇಡಬೇಕು ಅನ್ನೋದೂ ಗೊತ್ತಿತ್ತು. ಮಾಸ್ಕ್ ಬೇಡ, ಲಸಿಕೆ ಬೇಡ, ನಮ್ಮನ್ನ ದೇವರು ಕಾಯ್ತಾನೆ ಅಂತ ಯಾವ ಧರ್ಮದವರು ಅಂದರೂ, ಆ ಗೋಪುರದ ತುದಿಯಲ್ಲಿ ನಿಂತೇ ಮಾತಾಡ್ತಿರ್ತಾರೆ.

ಇದು ಬರೀ ಒಬ್ಬೊಬ್ಬರ ಕಾಯಿಲೆಯ ಮಾತಲ್ಲ, ದೇಶಕ್ಕೆ ದೇಶವೇ ಸಂಕಟದಲ್ಲಿದ್ದಾಗ ಏನಾಗುತ್ತೆ ಅನ್ನೋದನ್ನೂ ನೋಡಬೇಕು. ಇದಕ್ಕೆ ಬೈಬಲ್ಲಿನ ಒಳ್ಳೆಯ ಸಾಕ್ಷಿ ಯೆರೆಮೀಯ. ಬಾಬಿಲೋನಿನ ಸೈನ್ಯ ಯೆರೂಸಲೇಮಿನ ಮೇಲೆ ಬರುತ್ತಿದ್ದ ಕಾಲ. ಜನರಿಗೆ ಒಂದೇ ಧೈರ್ಯ: ದೇವರ ಆಲಯ ಇಲ್ಲೇ ಇದೆ, ಈ ಊರು ಹೇಗೆ ಬಿದ್ದೀತು? ಯೆರೆಮೀಯ ಅದೇ ಆಲಯದ ಬಾಗಿಲಲ್ಲಿ ನಿಂತು, ಪರದೇಶಿ, ಅನಾಥ, ವಿಧವೆಯರನ್ನ ಹಿಂಸೆ ಮಾಡಿಕೊಂಡು ಆಲಯದ ಹೆಸರು ಜಪಿಸೋದು ಸುಳ್ಳು ಭರವಸೆ ಅಂತ ಹೇಳಿದ. ಆಮೇಲೆ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಬಂದು, ಎರಡೇ ವರ್ಷ, ಎಲ್ಲಾ ಮೊದಲಿನ ಹಾಗೆ ಆಗ್ತದೆ ಅಂದ. ಯೆರೆಮೀಯ ಎಪ್ಪತ್ತು ವರ್ಷ ಅಂದ. ಸೆರೆಹೋದವರಿಗೆ ಅವನು ಬರೆದ ಪತ್ರದಲ್ಲಿ ಇರೋದು ಏನು ಗೊತ್ತೇ? ಮನೆ ಕಟ್ಟಿಕೊಳ್ಳಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ, ನೀವಿರೋ ಊರಿನ ಒಳ್ಳೇದಕ್ಕೆ ಪ್ರಾರ್ಥಿಸಿ. ಪವಾಡದ ಮಾತೇ ಇಲ್ಲ.

ನನಗೆ 2020ರ ಮಾರ್ಚ್ 25 ನೆನಪಾಯಿತು. 21 ದಿನ ಅಂದಿದ್ದರು. ನಾವೂ ಜಾಗಟೆ ಬಡಿದೆವು, ಏಪ್ರಿಲ್ 5ರ ರಾತ್ರಿ ಒಂಬತ್ತು ಗಂಟೆಗೆ ದೀಪ ಹಚ್ಚಿದೆವು. ಹಚ್ಚಿದ್ದು ತಪ್ಪಲ್ಲ, ಕತ್ತಲಲ್ಲಿ ದೀಪ ಯಾವತ್ತೂ ತಪ್ಪಲ್ಲ. ಆದರೆ ಹನನ್ಯನ ಮಾತು ಕಿವಿಗೆ ಇಂಪು, ಯೆರೆಮೀಯನದು ಕಹಿ. ಒಂದು ವರ್ಷ ಆದ ಮೇಲೆ, 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಕ್ಸಿಜನ್ ಸಾಲದೆ 24 ಜನ ಸತ್ತರು ಅಂತ ಸುದ್ದಿ ಬಂತು. ಅಂಥ ಹೊತ್ತಲ್ಲಿ 'ದೇವರ ಪರೀಕ್ಷೆ' ಅನ್ನೋದು ತುಂಬಾ ಅನುಕೂಲದ ಮಾತು. ಸಿಲಿಂಡರು ಯಾಕೆ ಬರಲಿಲ್ಲ ಅಂತ ಯಾರೂ ಕೇಳೋಹಾಗಿಲ್ಲ. ಯೆರೆಮೀಯ ಇದ್ದಿದ್ದರೆ ಕೇಳ್ತಿದ್ದ.

ಇಷ್ಟು ಹೇಳಿ, ನಂಬಿಕೆ ಅಂದರೆ ಬರೀ ಮೋಸ ಅಂತ ಮುಗಿಸೋದು ಸುಲಭ. ನಮ್ಮ ಆಫೀಸಿನ ಊಟದ ಟೇಬಲ್ಲಿನಲ್ಲಿ ಎಷ್ಟೋ ಗೆಳೆಯರು ಹಾಗೇ ಮುಗಿಸ್ತಾರೆ. ನನಗೆ ಅದೂ ಅರ್ಧ ಓದು ಅನ್ನಿಸ್ತದೆ. ಕಾರಣ ಹಬಕ್ಕೂಕ.

ಹಬಕ್ಕೂಕನ ಪುಸ್ತಕ ಮೂರೇ ಅಧ್ಯಾಯ. ಶುರುವಾಗೋದೇ ಜಗಳದಿಂದ: ಎಷ್ಟು ದಿನ ಕೂಗಬೇಕು, ನೀನು ಕೇಳೋದೇ ಇಲ್ಲವಲ್ಲ ಅಂತ ದೇವರಿಗೇ ಕೇಳ್ತಾನೆ. ಕೊನೆಗೆ ಒಂದು ಪಟ್ಟಿ ಕೊಡ್ತಾನೆ. ಅಂಜೂರ ಹೋಯಿತು, ದ್ರಾಕ್ಷಿ ಹೋಯಿತು, ಎಣ್ಣೆಮರ ಹೋಯಿತು, ಹೊಲದ ಕಾಳು ಹೋಯಿತು, ಹಟ್ಟಿಯ ಕುರಿ ಹೋದವು, ಕೊಟ್ಟಿಗೆಯ ದನ ಹೋದವು. ಆದರೂ ನಾನು ದೇವರಲ್ಲಿ ಹಿಗ್ಗುತ್ತೇನೆ ಅಂತಾನೆ. ನಮ್ಮ ಕಡೆಯವರಿಗೆ ಈ ಪಟ್ಟಿ ಕಾವ್ಯ ಅಲ್ಲ, ಬೆಳೆಹಾನಿ ಪಂಚನಾಮೆ. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿ ಜಮಖಂಡಿ ತಾಲೂಕಿನ ಹೊಳಿ ದಂಡಿ ಊರುಗಳೆಲ್ಲ ನೀರಾಗ ನಿಂತಿದ್ದವು, ಕಬ್ಬು ನಿಂತಲ್ಲೇ ಕೊಳೆತಿತ್ತು. ಆರೇಳು ತಿಂಗಳಿಗೆ ಲಾಕ್‌ಡೌನ್, ದ್ರಾಕ್ಷಿ ಕೊಯ್ಲಿಗೆ ಬಂದ ಹೊತ್ತಿಗೇ ಮಾರುಕಟ್ಟೆ ಬಂದ್. ಅದರ ಮರು ವರ್ಷ ಎರಡನೇ ಅಲೆ. ಹಬಕ್ಕೂಕನ ಪಟ್ಟಿಯಲ್ಲಿ ಅರ್ಧಕ್ಕೆ ನಾವೇ ಟಿಕ್ ಹಾಕಬಹುದಿತ್ತು.

ಆ ಪಟ್ಟಿ ಆದ ಮೇಲೆ ಬರೋ 'ಆದರೂ' ಅನ್ನೋದನ್ನ ಗಮನಿಸಿ. ತೊಂಬತ್ತೊಂದನೇ ಕೀರ್ತನೆಯ ಫಾರ್ವರ್ಡು 'ಆದ್ದರಿಂದ'ದ ಮೇಲೆ ನಿಂತಿದೆ: ನಂಬಿದೆ, ಆದ್ದರಿಂದ ಉಳಿದೆ. ಹಬಕ್ಕೂಕ ಯಾವ ನಷ್ಟವನ್ನೂ ಮುಚ್ಚಿಡೋದಿಲ್ಲ, ಯಾವುದೂ ವಾಪಸ್ ಬರ್ತದೆ ಅಂತಲೂ ಹೇಳೋದಿಲ್ಲ. ಲೆಕ್ಕ ಪೂರ್ತಿ ಬರೆದು, ಕೆಳಗೆ ಸೊನ್ನೆ ಇಟ್ಟು, ಆಮೇಲೆ 'ಆದರೂ' ಅಂತಾನೆ. ಇಂಥ ನಂಬಿಕೆಯನ್ನ ಸಾವು ಸುಳ್ಳು ಮಾಡೋಕೆ ಆಗೋದಿಲ್ಲ, ಯಾಕಂದ್ರೆ ಅದು ಸಾವು ಬರೋದಿಲ್ಲ ಅಂತ ಹೇಳಿಯೇ ಇಲ್ಲ. ನನ್ನ ದೋಸ್ತನ ಪ್ರಶ್ನೆಗೆ ನನಗೆ ಸಿಕ್ಕ ಮೊದಲ ಉತ್ತರ ಇದು: ಅವರಪ್ಪನ ಸಾವಿಗೂ ಅವನ ವಿಶ್ವಾಸಕ್ಕೂ ಗಂಟು ಹಾಕಿದ್ದು ಆ ಫೋನು, ಅವರ ಪುಸ್ತಕ ಅಲ್ಲ.

2020ರ ಮಾರ್ಚ್ 27ರ ಸಂಜೆ ಪೋಪ್ ಫ್ರಾನ್ಸಿಸ್ ಮಳೆಯಲ್ಲಿ ಖಾಲಿ ಸಂತ ಪೇತ್ರರ ಚೌಕದಲ್ಲಿ ಒಬ್ಬರೇ ನಿಂತದ್ದನ್ನ ನೀವೂ ಟಿವಿಯಲ್ಲಿ ನೋಡಿರಬಹುದು. ಅವತ್ತು ಓದಿಸಿದ್ದು ಮಾರ್ಕನ ಸುವಾರ್ತೆಯ ಬಿರುಗಾಳಿಯ ಪ್ರಸಂಗ. ದೋಣಿಗೆ ನೀರು ನುಗ್ತಾ ಇದೆ, ಏಸು ದಿಂಬಿನ ಮೇಲೆ ತಲೆ ಇಟ್ಟು ನಿದ್ದೆ ಮಾಡ್ತಾ ಇದ್ದಾನೆ. ನಾವು ಮುಳುಗ್ತಾ ಇದ್ದೀವಿ, ನಿನಗೆ ಚಿಂತೆಯೇ ಇಲ್ಲವಾ ಅಂತ ಶಿಷ್ಯರು ಎಬ್ಬಿಸ್ತಾರೆ. ಜಗತ್ತೇ ಬಾಗಿಲು ಹಾಕಿಕೊಂಡಿದ್ದಾಗ ರಕ್ಷಣೆಯ ಕೀರ್ತನೆಯನ್ನ ಬಿಟ್ಟು, ದೇವರು ಮಲಗಿದ್ದಾನೆ ಅನ್ನಿಸೋ ಕತೆಯನ್ನ ಆರಿಸಿದ್ದು ನನಗೆ ದೊಡ್ಡದಾಗಿ ಕಂಡಿತು. ಗಾಳಿ ನಿಂತ ಮೇಲೆ ಏಸು ಅವರ ಅಂಜಿಕೆಯನ್ನ ಪ್ರಶ್ನೆ ಮಾಡ್ತಾನೆ, ನಿಜ. ಆದರೆ ದೋಣಿಯಿಂದ ಯಾರನ್ನೂ ಇಳಿಸೋದಿಲ್ಲ.

ಇನ್ನು ಕೈಯ ಮಾತು. 1527ರಲ್ಲಿ ವಿಟೆನ್‌ಬರ್ಗಿಗೆ ಪ್ಲೇಗ್ ಬಂದಾಗ ಮಾರ್ಟಿನ್ ಲೂಥರ್ ಒಂದು ಬಹಿರಂಗ ಪತ್ರ ಬರೆದ. ಪ್ರಾರ್ಥನೆ ಮಾಡು, ಆಮೇಲೆ ಮನೆಗೆ ಹೊಗೆ ಹಾಕು, ಔಷಧ ತಗೋ, ಕೆಲಸವಿಲ್ಲದ ಕಡೆ ಹೋಗಿ ರೋಗ ಹಂಚಬೇಡ, ಆದರೆ ಪಕ್ಕದವನಿಗೆ ನೀನು ಬೇಕಾದರೆ ತಪ್ಪಿಸಿಕೊಳ್ಳಬೇಡ ಅನ್ನೋದು ಅದರ ಸಾರ. ಔಷಧಿ ಬೇಡ ಅಂದು ದೇವರನ್ನ ನೆಚ್ಚಿಕೊಳ್ಳೋದು ಅವನಿಗೆ ದೇವರನ್ನ ಪರೀಕ್ಷೆ ಮಾಡಿದಂತೆ. ಅವತ್ತಿನ ಪಾದ್ರಿಗೆ ತಿಳಿದದ್ದು ಇವತ್ತಿನ ಕೆಲವು ಯೂಟ್ಯೂಬ್ ಬೋಧಕರಿಗೆ ತಿಳಿದಿಲ್ಲ. ಕೋವಿಡ್ ಕಾಲದಲ್ಲಿ ಬೆಂಗಳೂರಿನ ಕ್ಯಾಥೊಲಿಕ್ ಮಹಾಧರ್ಮಪ್ರಾಂತ್ಯದ 'ಮರ್ಸಿ ಏಂಜಲ್ಸ್' ಸ್ವಯಂಸೇವಕರು ಪಿಪಿಇ ಕಿಟ್ ತೊಟ್ಟು ಹೆಣಗಳಿಗೆ ಹೆಗಲು ಕೊಟ್ಟರು, ಮನೆಯವರೂ ಹತ್ತಿರ ಬರಲಾಗದ ಹೊತ್ತಿನಲ್ಲಿ. ಹದಿನೈದನೇ ವಚನದ 'ಜೊತೆಗಿರ್ತೀನಿ' ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ವ್ಯಾಖ್ಯಾನ ನಾನು ಓದಿಲ್ಲ.

ನಮ್ಮೂರ ಕಡೆಯೂ ಎರಡು ಥರದ ನಂಬಿಕೆ ಇವೆ. ಜಡ್ಡು ಹಬ್ಬಿದರೆ ವಾರ ಹಿಡೀತಾರೆ, ಐದು ವಾರ ಆ ದಿನ ಗಳೇ ಹೂಡೋಂಗಿಲ್ಲ, ಹೊಲಕ್ಕ ಹೋಗೋಂಗಿಲ್ಲ. ಅದರಲ್ಲಿ ಅಂಜಿಕೆ ಎಷ್ಟು, ಭಕ್ತಿ ಎಷ್ಟು ಅಂತ ಬೇರೆ ಮಾಡೋದು ಕಷ್ಟ. ಹಾಗೇ ಸಾವಳಗಿಗೂ ಜಮಖಂಡಿಗೂ ನಡುವೆ ಕೃಷ್ಣೆ ಇದ್ದಾಳೆ. ಬೇಸಿಗೆ ಬಂದರೆ ಹೊಳೆ ಒಣಗೋದು. ಸರ್ಕಾರಕ್ಕೆ ಕೈಮುಗಿದು ಮುಗಿದು ಸಾಕಾಗಿ, ಸಿದ್ದು ನ್ಯಾಮಗೌಡರ ಮುಂದಾಳ್ತನದಲ್ಲಿ ರೈತರು ತಾವೇ ರೊಕ್ಕ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು, 1989ರಲ್ಲಿ ಚಿಕ್ಕಪಡಸಲಗಿಯ ಬ್ಯಾರೇಜು ಕಟ್ಟಿ ಮುಗಿಸಿದರು. ಅದಕ್ಕೆ 'ಶ್ರಮಬಿಂದು ಸಾಗರ' ಅಂತ ಹೆಸರು. ಕಲ್ಲು ಹೊತ್ತವರಲ್ಲಿ ದೇವರನ್ನ ನಂಬದವರು ಎಷ್ಟು ಮಂದಿ ಇದ್ದಾರು? ಅವರೂ ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿಕೊಂಡೇ ಬುಟ್ಟಿ ಎತ್ತಿರಬೇಕು.

ಈ ಎಲ್ಲವನ್ನೂ ನಾನು ನನ್ನ ದೋಸ್ತನಿಗೆ ದೊಡ್ಡ ಪಂಡಿತನ ಹಾಗೆ ವಿವರಿಸಿದೆ. ಅವನು ಪೂರ್ತಿ ಕೇಳಿ, "ನೀ ಹೇಳೂದು ಖರೆ ಐತಿ. ಆದ್ರ ಒಂದು ತಿಳೀವಲ್ದು. ನಮ್ಮವ್ವ ಇನ್ನೂ ದಿನಾ ರಾತ್ರಿ ಅದ ತೊಂಬತ್ತೊಂದು ಓದ್ತಾಳ" ಅಂದ. ನನಗೆ ಬೇಜಾರಾಯಿತು. ಅಷ್ಟೆಲ್ಲ ಆದ ಮೇಲೂ ಅದೇ ಪಾಲಿಸಿಯ ಕಾಗದ ಹಿಡಿದು ಕೂತಿದ್ದಾರಲ್ಲ ಪಾಪ, ಅಂದುಕೊಂಡೆ.

ಲಾಕ್‌ಡೌನ್ ಸಡಿಲ ಆದ ಮೇಲೆ ಅವನ ಜೊತೆ ಬೆಟಗೇರಿಗೆ ಹೋದೆ. ರೊಟ್ಟಿ, ಪುಂಡಿಪಲ್ಯ ಬಡಿಸಿದರು. ರಾತ್ರಿ ಅವರು ಕನ್ನಡಕ ಹಾಕಿಕೊಂಡು ಬೈಬಲ್ ತೆಗೆದಾಗ ತಡೆಯಲಾರದೆ ಕೇಳಿಬಿಟ್ಟೆ: "ಅಮ್ಮಾರ, ಆವಾಗೂ ಇದನ್ನ ಓದಿದ್ರಿ. ಈಗೂ ಓದ್ತೀರಿ. ಸಿಟ್ಟು ಬರೂದಿಲ್ಲೇನ್ರಿ?"

ಅವರು ಪುಟದಿಂದ ತಲೆ ಎತ್ತದೆ ಹೇಳಿದರು: "ಸಿಟ್ಟು ಬರತೈತಪ್ಪಾ, ಯಾಕ್ ಬರೂದಿಲ್ಲ. ಆದ್ರ ಅವರು ಉಳೀಲಿ ಅಂತ ಅಷ್ಟ ಓದ್ತಿದ್ದಿಲ್ಲ ನಾ. ದವಾಖಾನ್ಯಾಗ ಅವರಿಗೆ ರಾತ್ರಿ ಬಾಳ ಅಂಜಿಕಿ ಆಗ್ತಿತ್ತಂತ. ನರ್ಸಮ್ಮ ಫೋನ್ ಅವರ ಕಿವಿಗೆ ಹಿಡೀತಿದ್ಲು, ನಾ ಇಲ್ಲಿಂದ ಓದ್ತಿದ್ದೆ. ಹದಿನಾರೂ ವಚನ. ಓದೂದ್ರಾಗ ನಿದ್ದಿ ಹತ್ತತಿತ್ತಂತ ಅವರಿಗೆ."

ನನ್ನ ವಿಮರ್ಶೆಯಲ್ಲಿ ಈ ಓದಿಗೆ ಜಾಗವೇ ಇರಲಿಲ್ಲ. ಫಾರ್ವರ್ಡು ಮಾಡಿದವರ ಓದು ತಪ್ಪು ಅಂತ ಈಗಲೂ ಹೇಳ್ತೀನಿ. ಆ ಹಿರಿಯರ ಮಾತು ಕ್ರೂರ ಅಂತ ಇನ್ನೂ ಜೋರಾಗಿ ಹೇಳ್ತೀನಿ. ಆದರೆ ಒಂದು ಪಠ್ಯ ಏನು ಹೇಳ್ತದೆ ಅನ್ನೋದರ ಜೊತೆಗೆ ಅದನ್ನ ಯಾರು, ಯಾರ ಕಿವಿಗೆ, ಎಷ್ಟು ಹೊತ್ತಿಗೆ ಓದ್ತಾ ಇದ್ದಾರೆ ಅನ್ನೋದನ್ನೂ ನೋಡಬೇಕು ಅಂತ ನನಗೆ ಆ ರಾತ್ರಿ ತಿಳೀತು.

ಈಗಲೂ ಯಾವುದಾದರೂ ಗುಂಪಿನಲ್ಲಿ ಆ ಹೂವಿನ ಚಿತ್ರದ ಮೆಸೇಜು ಬರುತ್ತದೆ. ಮೊದಲಿನ ಹಾಗೆ ವಾದಕ್ಕೆ ಇಳಿಯೋದಿಲ್ಲ. ಉಳಿದ ಆರು ವಚನ ಟೈಪ್ ಮಾಡಿ ಕೆಳಗೆ ಹಾಕ್ತೀನಿ.