ಕಲ್ಲಿಗೆ ಕಟ್ಟಿದ ರಿಕ್ಸಿಯಾ

ಗಿಡಗಳ ಅಕ್ವೇರಿಯಂ ಎಂದೊಡನೆ ಜಪಾನಿನ ತಕಾಶಿ ಅಮಾನೊ ಹೆಸರಿಗೆ ಕೈಮುಗಿಯುವುದು ವಾಡಿಕೆಯಾಗಿದೆ. ಕಲ್ಲು, ಮರದ ಬೊಡ್ಡೆ, ಖಾಲಿ ಜಾಗ ಇವನ್ನು ತೂಗಿ ನೋಡಲು ನಮ್ಮ ಕಣ್ಣಿಗೆ ಕಲಿಸಿದವರು ಅವರೇ, ನಿಜ. ಆದರೆ ಅವರ ಶೈಲಿ ನಿಸರ್ಗವನ್ನು ಅನುಸರಿಸುತ್ತದೆ ಎಂಬ ಮಾತನ್ನು ಒಪ್ಪಲಾರೆ. ರಿಕ್ಸಿಯಾ ಒಂದನ್ನೇ ನೋಡಿ.

ರಿಕ್ಸಿಯಾ ಫ್ಲೂಯಿಟನ್ಸ್ ಬೇರಿಲ್ಲದೆ ತೇಲಿ ಬದುಕುವ ಪುಟ್ಟ ಸಸ್ಯ. ಅಮಾನೊ ಅದನ್ನು ದಾರದಿಂದ ಕಲ್ಲಿಗೆ ಬಿಗಿದು ತಳಕ್ಕಿಳಿಸಿದರು. ಅದರ ಕವಲುಗಳ ತುದಿಯಲ್ಲಿ ಮುತ್ತಿನಂತೆ ನಿಂತ ಆಮ್ಲಜನಕದ ಗುಳ್ಳೆಗಳಿಗೆ ಜಗತ್ತು ಮರುಳಾಯಿತು. ಗುಳ್ಳೆ ನಿಲ್ಲಬೇಕಾದರೆ ಸುತ್ತಲಿನ ನೀರು ಇನ್ನು ಕರಗಿಸಿಕೊಳ್ಳಲಾರದಷ್ಟು ಆಮ್ಲಜನಕ ಹೀರಿರಬೇಕು. ಅದಕ್ಕೆ ಪ್ರಖರ ಬೆಳಕು ಬೇಕು, ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಬೇಕು. ಈ ಅನಿಲ ಗಾಳಿಗಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತದೆ. ತೇಲುವಾಗ ಗಾಳಿಯಿಂದ ಪುಕ್ಕಟೆ ಸಿಗುತ್ತಿದ್ದದ್ದನ್ನು ತಳದಲ್ಲಿ ದುಡ್ಡು ಕೊಟ್ಟು ಉಣಿಸಬೇಕು. ಉಣಿಸಿದರೂ ಹಾಸು ದಪ್ಪವಾದಂತೆ ಅಡಿಯ ಪದರಕ್ಕೆ ಬೆಳಕು ತಪ್ಪಿ ಕೊಳೆಯುತ್ತದೆ, ಹಿಡಿತ ಸಡಿಲಿ ಇಡಿಯಾಗಿ ಎದ್ದು ತೇಲುತ್ತದೆ. ಕತ್ತರಿಯನ್ನು ಕೆಳಗಿಡುವಂತಿಲ್ಲ. ಗಿಡ ತನ್ನ ಸ್ವಭಾವಕ್ಕೆ ಮರಳದಂತೆ ಮತ್ತೆ ಮತ್ತೆ ತಡೆಯುವುದನ್ನು ನಿಸರ್ಗದ ಅನುಸರಣೆ ಎಂದು ಹೇಗೆ ಕರೆಯುವುದು?

ಅಮೆರಿಕದ ಡಯಾನಾ ವಾಲ್‌ಸ್ಟಡ್ 1999ರ ‘ಇಕಾಲಜಿ ಆಫ್ ದಿ ಪ್ಲಾಂಟೆಡ್ ಅಕ್ವೇರಿಯಂ’ ಪುಸ್ತಕದಲ್ಲಿ ಹಿಡಿದದ್ದು ಇದಕ್ಕೆ ಎದುರು ದಾರಿ. ಗಾಳಿಗೆ ಮೈಯೊಡ್ಡಿದ ಗಿಡಕ್ಕಿರುವ ಅನುಕೂಲವನ್ನು ಅವರು ಬಳಸಿಕೊಳ್ಳುತ್ತಾರೆ. ಮುಳುಗಿದ ಗಿಡಗಳಿಗಾಗಿ ಜಲ್ಲಿಯ ಕೆಳಗೆ ಸಾಮಾನ್ಯ ಮಣ್ಣು. ಅದರಲ್ಲಿನ ಸಾವಯವ ಅಂಶ ಕೊಳೆಯುತ್ತ ಇಂಗಾಲದ ಡೈಆಕ್ಸೈಡ್ ಒದಗಿಸುತ್ತದೆ, ಮೀನುಗಳಿಂದ ಬರುವ ಅಮೋನಿಯಂ ಅನ್ನು ಗಿಡಗಳೇ ಹೀರುತ್ತವೆ.

ಇದನ್ನು ಸೋಮಾರಿಗಳ ವಿಧಾನ, ಬರೀ ಪೊದೆ ಎಂದು ತಳ್ಳಿಹಾಕುವ ವಿಮರ್ಶಕರ ಮೇಲೆ ನನಗೆ ಸಿಟ್ಟಿದೆ. ಅವರ ಅಳತೆಗೋಲು ಫೋಟೊ. ಅಮಾನೊ ಅವರ ಕಂಪನಿ 2001ರಲ್ಲಿ ಆರಂಭಿಸಿದ ಜಾಗತಿಕ ಸ್ಪರ್ಧೆಗೆ ಕಳಿಸುವುದೂ ಫೋಟೊವನ್ನೇ. ತೆಗೆಯುವ ಮುನ್ನ ಪೈಪು, ಹೀಟರುಗಳನ್ನು ಎತ್ತಿಡುತ್ತಾರೆ. ಮರುವಾರ ತೊಟ್ಟಿಯನ್ನೇ ಕಳಚಿದರೂ ಚಿತ್ರಕ್ಕೆ ಕುಂದಿಲ್ಲ. ಕ್ರಿಪ್ಟೊಕೊರೈನ್ ಎಂಬ ಜಲಸಸ್ಯದ ಬದುಕು ಹಾಗಲ್ಲ. ನಮ್ಮ ಪಶ್ಚಿಮ ಘಟ್ಟದ ತೊರೆಗಳಲ್ಲೂ ಇರುವ ಈ ಕುಲದ ಗಿಡಗಳು ಜಾಗ ಬದಲಾದರೆ ಎಷ್ಟೋ ಸಲ ಎಲೆಗಳನ್ನೆಲ್ಲ ಕರಗಿಸಿಕೊಂಡು, ಬುಡದಿಂದ ಹೊಸದಾಗಿ ಚಿಗುರಿ, ತಿಂಗಳುಗಟ್ಟಲೆ ಬೇರೂರುತ್ತವೆ. ಆ ಬೆಳವಣಿಗೆಯನ್ನು ಒಂದು ಫೋಟೊ ಹೇಗೆ ತೋರಿಸೀತು? ವಾಲ್‌ಸ್ಟಡ್ ತೊಟ್ಟಿಗೆ ಅಂದವಿಲ್ಲ ಎನ್ನುವವರು ಅದರ ಎರಡನೆಯ ವರ್ಷದಲ್ಲಿ ಎದುರಿಗೆ ಕೂತು ನೋಡಿ ಬರೆಯಲಿ.