ಹಿಟ್ಟಿನ ಕೋಳಿಯೂ ಆಟದ ಬಂದೂಕೂ

ಮೂರು ನಾಲ್ಕು ವರ್ಷದ ಶಿಶುವೊಂದು ಕೈಗೆ ಸಿಕ್ಕ ಕಡ್ಡಿಯನ್ನು ಬಂದೂಕಿನಂತೆ ಹಿಡಿದು ‘ಢಂ’ ಎಂದು ಕೂಗಿದರೆ ಅದನ್ನು ಹಿಂಸೆಯೆಂದು ಎಣಿಸಬೇಕೆ? ಅಹಿಂಸೆಯನ್ನು ಪರಮಧರ್ಮವೆಂದು ನಂಬಿದ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಮೊದಲೇ ಸಿದ್ಧವಾಗಿರುತ್ತದೆ: ಕಡ್ಡಿಯನ್ನು ಕಸಿದುಕೊಳ್ಳುವುದು, ಮಗುವನ್ನು ಗದರಿಸುವುದು. ಬ್ರಿಟನ್ನಿನ ಶಿಶುವಿಹಾರಗಳೂ ಅನೇಕ ವರ್ಷಗಳ ಕಾಲ ಇದೇ ಉತ್ತರವನ್ನು ನೆಚ್ಚಿಕೊಂಡಿದ್ದವು. ಅಲ್ಲಿ ಆ ಉತ್ತರ ಏಕೆ ಸಡಿಲವಾಯಿತು, ಹಾಗೆ ಸಡಿಲವಾದುದು ಅಹಿಂಸೆಯ ಸೋಲೋ ಅಥವಾ ಅದರ ಸೂಕ್ಷ್ಮತರವಾದ ಅರಿವೋ ಎಂಬುದು ವಿಚಾರಾರ್ಹವಾದ ಸಂಗತಿ. ಈ ವಿಚಾರಕ್ಕೆ ಪೆನ್ನಿ ಹಾಲೆಂಡ್ ಎಂಬ ಶಿಕ್ಷಣತಜ್ಞೆ 2003ರಲ್ಲಿ ಪ್ರಕಟಿಸಿದ ‘ವಿ ಡೋಂಟ್ ಪ್ಲೇ ವಿತ್ ಗನ್ಸ್ ಹಿಯರ್’ ಎಂಬ ಗ್ರಂಥವು ಮುಖ್ಯ ಆಧಾರ. ‘ಇಲ್ಲಿ ನಾವು ಬಂದೂಕಿನ ಆಟ ಆಡುವುದಿಲ್ಲ’ ಎಂಬುದು ಆ ಹೆಸರಿನ ಅರ್ಥ. ಶಿಶುವಿಹಾರದ ಶಿಕ್ಷಕಿಯರು ಮತ್ತೆ ಮತ್ತೆ ಆಡುತ್ತಿದ್ದ ಮಾತೇ ಗ್ರಂಥದ ಹೆಸರಾಗಿದೆ.

ಆಟದ ಆಯುಧಗಳ ಬಗೆಗಿನ ಅಳುಕು ಪಶ್ಚಿಮದಲ್ಲಿ ಇಂದು ನಿನ್ನೆಯದಲ್ಲ. ಒಂದನೆಯ ಮಹಾಯುದ್ಧದಲ್ಲಿ 1916ರಲ್ಲಿ ಮಡಿದ ಆಂಗ್ಲ ಕಥೆಗಾರ ಸಾಕಿಯ ‘ದಿ ಟಾಯ್ಸ್ ಆಫ್ ಪೀಸ್’ ಎಂಬ ಕಥೆಯು 1919ರಲ್ಲಿ ಪುಸ್ತಕರೂಪದಲ್ಲಿ ಬಂದಿತು. ಅದರಲ್ಲಿ ಹುಡುಗರಿಗೆ ಆಟದ ಸೈನಿಕರ ಬದಲು ಲೋಕೋಪಕಾರಿ ಗಣ್ಯರ ಬೊಂಬೆಗಳನ್ನೂ ಸಾರ್ವಜನಿಕ ಕಟ್ಟಡಗಳ ಮಾದರಿಗಳನ್ನೂ ಕೊಡುತ್ತಾರೆ. ಹುಡುಗರು ಅವುಗಳಿಂದಲೇ ಯುದ್ಧ ಹೂಡುತ್ತಾರೆ. ಈ ಪರಿಹಾಸದ ಹಿಂದಿರುವ ಸತ್ಯವನ್ನು ಮುಂದಿನ ತಲೆಮಾರು ಅಷ್ಟಾಗಿ ಗಮನಿಸಲಿಲ್ಲ. 1970 ಮತ್ತು 1980ರ ದಶಕಗಳಲ್ಲಿ ಸ್ತ್ರೀವಾದಿ ಚಿಂತನೆಯೂ ಅಣ್ವಸ್ತ್ರವಿರೋಧಿ ಶಾಂತಿ ಚಳವಳಿಯೂ ಬಲಗೊಂಡಂತೆ, ಗಂಡಸಿನ ಕ್ರೌರ್ಯವು ಬಾಲ್ಯದ ಆಟದಲ್ಲೇ ಮೊಳೆಯುತ್ತದೆಂಬ ನಂಬಿಕೆ ಬೇರೂರಿತು. ಸ್ವೀಡನ್ನಿನಲ್ಲಿ 1979ರಲ್ಲಿ, 1914ರಿಂದೀಚಿನ ಯುದ್ಧಗಳನ್ನು ಅನುಕರಿಸುವ ಆಟಿಕೆಗಳನ್ನು ಮಾರುವುದಿಲ್ಲವೆಂದು ವ್ಯಾಪಾರಿಗಳು ಸರ್ಕಾರಿ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡರು. ಬ್ರಿಟನ್ನಿನಲ್ಲಿ ಇಂತಹ ಒಪ್ಪಂದವಿಲ್ಲದಿದ್ದರೂ ಅಸಂಖ್ಯಾತ ಶಿಶುವಿಹಾರಗಳು ಆಯುಧದ ಆಟವನ್ನು ತಾವಾಗಿಯೇ ನಿಷೇಧಿಸಿದವು.

ಹಾಲೆಂಡ್ ಅವರೂ ಆ ನಿಷೇಧವನ್ನು ಒಪ್ಪಿ ನಡೆಸಿದವರೇ. ಲಂಡನ್ನಿನ ಶಿಶುವಿಹಾರದಲ್ಲಿ ಕೆಲಸ ಮಾಡುತ್ತ ಅವರು ಕಂಡ ಸಂಗತಿಗಳು ಅವರ ನಿಲುವನ್ನು ಬದಲಿಸಿದವು. ನಿಷೇಧದಿಂದ ಆಟವು ನಿಲ್ಲಲಿಲ್ಲ, ಮರೆಗೆ ಸರಿಯಿತು. ತುಂಡುಗಳನ್ನು ಜೋಡಿಸಿ ಬಂದೂಕು ಮಾಡಿದ ಮಗು, ಶಿಕ್ಷಕಿ ಹತ್ತಿರ ಬಂದೊಡನೆ ಅದನ್ನು ಬೇರಾವುದೋ ವಸ್ತುವೆಂದು ಹೇಳಿ ಪಾರಾಗುವುದನ್ನು ಕಲಿಯಿತು. ಇದೇ ಆಟವನ್ನು ಬಯಸುವ ಕೆಲವು ಗಂಡುಮಕ್ಕಳಿಗೆ ಗದರಿಕೆಯೇ ನಿತ್ಯದ ಪಾಲಾಯಿತು. ನಿಷೇಧವನ್ನು ತೆಗೆದಾಗ ಮೊದಮೊದಲು ಆಯುಧದ ಆಟ ಹೆಚ್ಚಿತಾದರೂ, ಕ್ರಮೇಣ ಅದು ರಕ್ಷಣೆ, ಪ್ರಯಾಣ, ಸಾಹಸಗಳ ಕಥೆಗಳಾಗಿ ಬೆಳೆಯಿತೆಂದೂ, ಮಕ್ಕಳ ನಡುವಣ ನಿಜವಾದ ಹೊಡೆದಾಟ ಅದರಿಂದ ಹೆಚ್ಚಲಿಲ್ಲವೆಂದೂ ಅವರು ದಾಖಲಿಸುತ್ತಾರೆ.

ಜೈನ ವಾಚಕರು ಈ ಗ್ರಂಥದಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಸುಳ್ಳಿನ ಪ್ರಸಂಗವನ್ನು. ಅಹಿಂಸೆಯ ಹೆಸರಿನಲ್ಲಿ ಹೇರಿದ ನಿಯಮವೊಂದು ಮಗುವಿಗೆ ಅಸತ್ಯವನ್ನು ಅಭ್ಯಾಸ ಮಾಡಿಸಿತು. ಐದು ಅಣುವ್ರತಗಳಲ್ಲಿ ಒಂದನ್ನು ಕಾಯಲು ಇನ್ನೊಂದನ್ನು ಒಡೆಯುವ ಶಿಕ್ಷಣ ಧರ್ಮಶಿಕ್ಷಣವಾಗಲಾರದು. ಇದಕ್ಕಿಂತ ಮಿಗಿಲಾಗಿ, ತಾನು ಕೆಟ್ಟವನೆಂದು ದಿನವೂ ಕೇಳುವ ಮಗುವಿನ ಮನಸ್ಸು ನೋಯುತ್ತದೆ. ಆ ನೋವೂ ಹಿಂಸೆಯ ಲೆಕ್ಕಕ್ಕೇ ಸೇರುತ್ತದೆ.

ಈ ವಿಚಾರಗಳು ಸರ್ಕಾರವನ್ನೂ ಮುಟ್ಟಿದವು. ಇಂಗ್ಲೆಂಡಿನ ಶಿಕ್ಷಣ ಇಲಾಖೆಯು 2007ರ ಅಂತ್ಯದಲ್ಲಿ ಹೊರಡಿಸಿದ ಮಾರ್ಗಸೂಚಿಯು, ಆಯುಧದ ಆಟ ಕಂಡೊಡನೆ ತಡೆಯುವ ಸಹಜ ಪ್ರವೃತ್ತಿಯನ್ನು ಶಿಕ್ಷಕರು ಮರುಪರಿಶೀಲಿಸಬೇಕೆಂದು ಸೂಚಿಸಿತು. ಶಿಕ್ಷಕರ ಸಂಘದಿಂದ ಇದಕ್ಕೆ ಆಕ್ಷೇಪಣೆಯೂ ಬಂದಿತು. ಅಮೆರಿಕದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತ್ತು. ಶಾಲೆಗೆ ನಿಜವಾದ ಬಂದೂಕು ತಂದವರನ್ನು ಹೊರಹಾಕಬೇಕೆಂಬ 1994ರ ಕಾನೂನಿನ ನೆರಳಿನಲ್ಲಿ, ಅನೇಕ ಶಾಲೆಗಳು ಆಟವನ್ನೂ ಅಪರಾಧದಂತೆ ಕಾಣತೊಡಗಿದವು. ಮೇರಿಲ್ಯಾಂಡಿನಲ್ಲಿ 2013ರಲ್ಲಿ ಏಳು ವರ್ಷದ ಬಾಲಕನೊಬ್ಬ ತಿಂಡಿಯನ್ನು ಬಂದೂಕಿನ ಆಕಾರಕ್ಕೆ ಕಚ್ಚಿದನೆಂದು ಶಾಲೆಯಿಂದ ಅಮಾನತುಗೊಂಡ. 2014ರ ನವೆಂಬರಿನಲ್ಲಿ ಕ್ಲೀವ್‌ಲ್ಯಾಂಡ್ ನಗರದ ಉದ್ಯಾನದಲ್ಲಿ ನಿಜವಾದ ಪಿಸ್ತೂಲನ್ನೇ ಹೋಲುವ ಆಟದ ಪಿಸ್ತೂಲು ಹಿಡಿದಿದ್ದ ಹನ್ನೆರಡು ವರ್ಷದ ಬಾಲಕನು ಪೊಲೀಸರ ಗುಂಡಿಗೆ ಬಲಿಯಾದ. ಮೊದಲನೆಯ ಪ್ರಸಂಗದಲ್ಲಿ ಮಗುವಿನ ಕಲ್ಪನೆಗೆ ದಂಡನೆಯಾಯಿತು. ಎರಡನೆಯದರಲ್ಲಿ ಪೊಲೀಸರು ನಿಜವೆಂದೆಣಿಸಿ ಗುಂಡು ಹಾರಿಸಿದ್ದು ಮಗುವಿನ ಕಲ್ಪನೆಗಲ್ಲ. ಹಿರಿಯರು ತಯಾರಿಸಿ ಮಾರಿದ ಪ್ರತಿಕೃತಿಗೆ.

ಹಾಲೆಂಡ್ ಅವರ ಗ್ರಂಥವನ್ನು ಓದುವಾಗ ಈ ಭೇದವನ್ನು ನೆನಪಿನಲ್ಲಿ ಇರಿಸಿಕೊಳ್ಳುವುದು ಅಗತ್ಯ. ಅವರ ಅವಲೋಕನವು ಮಕ್ಕಳೊಡನೆ ಕುಳಿತು ಆಟವನ್ನು ಮುನ್ನಡೆಸಬಲ್ಲ ಶಿಕ್ಷಕಿಯರಿರುವ ಶಿಶುವಿಹಾರಗಳದು. ಹಿರಿಯರು ತಮ್ಮ ಪಾಡಿಗೆ ತಾವಿದ್ದು ‘ಮಕ್ಕಳಾಟ’ವೆಂದು ಸುಮ್ಮನಾಗುವ ಮನೆಗೆ ಅದರ ಫಲಿತಾಂಶವನ್ನು ಹಾಗೆಯೇ ಅನ್ವಯಿಸಲಾಗದು. ಇನ್ನೊಂದು ಕೊರತೆಯನ್ನು ಅಮೆರಿಕದ ಡಯೇನ್ ಲೆವಿನ್ ಮತ್ತು ನ್ಯಾನ್ಸಿ ಕಾರ್ಲ್‌ಸನ್ ಪೇಜ್ 1987ರಲ್ಲಿ ಬರೆದ ‘ದಿ ವಾರ್ ಪ್ಲೇ ಡಿಲೆಮಾ’ ತುಂಬಿಕೊಡುತ್ತದೆ. ಆ ದೇಶದಲ್ಲಿ 1984ರಲ್ಲಿ ಮಕ್ಕಳ ದೂರದರ್ಶನದ ಮೇಲಿನ ನಿರ್ಬಂಧಗಳು ಸಡಿಲಗೊಂಡ ಮೇಲೆ, ಆಟಿಕೆಗಳನ್ನು ಮಾರಲೆಂದೇ ಹೆಣೆದ ಕಾರ್ಯಕ್ರಮಗಳು ಬೆಳೆದವು. ಕಡ್ಡಿಯು ಒಂದು ಗಳಿಗೆ ಬಂದೂಕು, ಇನ್ನೊಂದು ಗಳಿಗೆ ದೋಣಿಯ ಹುಟ್ಟು, ಮತ್ತೊಂದು ಗಳಿಗೆ ವೈದ್ಯರ ಸೂಜಿಯಾಗಬಲ್ಲದು. ಅಂಗಡಿಯ ಬಂದೂಕು ಬಂದೂಕಾಗಿಯೇ ಉಳಿಯುತ್ತದೆ. ಅಂತಹ ಆಟಿಕೆಯೊಡನೆ ಮಗು ತನ್ನ ಕಥೆಯನ್ನು ಕಟ್ಟದೆ ಪರದೆಯ ಕಥೆಯನ್ನೇ ಪುನರಾವರ್ತಿಸುತ್ತದೆಂಬುದು ಈ ಲೇಖಕಿಯರ ಆತಂಕ.

ಇಲ್ಲಿ ಕನ್ನಡದ ಜೈನ ವಾಚಕರ ಮನಸ್ಸಿಗೆ ಜನ್ನನ ‘ಯಶೋಧರ ಚರಿತೆ’ ಬರುವುದು ಸಹಜ. 1209ರಲ್ಲಿ ರಚಿತವಾದ, 1980ರಲ್ಲಿ ಗಿರೀಶ್ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೂ ಮೂಲವಾದ ಈ ಕಥೆಯಲ್ಲಿ, ಯಶೋಧರನು ನಿಜವಾದ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಕತ್ತರಿಸುತ್ತಾನೆ. ಅಷ್ಟರಿಂದಲೇ ತಾಯಿಮಗ ಇಬ್ಬರೂ ನವಿಲು, ನಾಯಿ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಹಿಟ್ಟಿನ ಕೋಳಿಯೇ ಇಷ್ಟು ಕರ್ಮವನ್ನು ಕಟ್ಟಿದರೆ ಕಡ್ಡಿಯ ಬಂದೂಕು ಏಕೆ ಕಟ್ಟದು ಎಂಬ ಪ್ರಶ್ನೆ ಏಳುತ್ತದೆ. ಪ್ರಶ್ನೆ ನ್ಯಾಯವಾದುದೇ, ಆದರೆ ಹೋಲಿಕೆಯನ್ನು ಎಚ್ಚರದಿಂದ ಮಾಡಬೇಕು. ಯಶೋಧರನು ಆಟವಾಡಲಿಲ್ಲ. ದೇವತೆ ಅದನ್ನು ಜೀವವೆಂದೇ ಸ್ವೀಕರಿಸಲಿ, ತನಗೆ ಫಲ ದೊರೆಯಲಿ ಎಂಬ ಸಂಕಲ್ಪದಿಂದ ಕತ್ತಿಯೆತ್ತಿದ. ಕೊಲ್ಲುವ ಭಾವವಿತ್ತು, ಕೊಲ್ಲುವ ವಸ್ತು ಮಾತ್ರ ಹಿಟ್ಟಿನದಾಗಿತ್ತು. ‘ಢಂ’ ಎಂದ ಮಗು ಮರುಗಳಿಗೆಯಲ್ಲಿ ಬಿದ್ದ ಗೆಳೆಯನನ್ನು ಎಬ್ಬಿಸಿ ಮತ್ತೆ ಆಟಕ್ಕೆ ಕರೆಯುತ್ತದೆ. ಅದು ಬಯಸುವುದು ಗೆಳೆಯನ ಮರಣವನ್ನಲ್ಲ, ಅವನ ಜೊತೆಯನ್ನು. ಪ್ರಮಾದದಿಂದ ಪ್ರಾಣಕ್ಕೆ ಹಾನಿ ಮಾಡುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರವು ಮಾಡುವ ನಿರೂಪಣೆಯಲ್ಲಿ ಭಾವಕ್ಕೆ ಇರುವ ಸ್ಥಾನವನ್ನು ಬಲ್ಲವರಿಗೆ ಈ ಅಂತರ ಸಣ್ಣದೆನಿಸದು.

ಹಾಗಾದರೆ ಹಿಟ್ಟಿನ ಕೋಳಿಗೆ ನಿಜವಾಗಿ ಹೋಲುವುದು ಯಾವುದು? ‘ಇದು ಹಿಟ್ಟಿನದು ತಾನೆ’ ಎಂದು ಮಗನನ್ನು ಒಪ್ಪಿಸಿದ ತಾಯಿಗೂ ‘ಇದು ಪ್ಲಾಸ್ಟಿಕ್ಕಿನದು ತಾನೆ’ ಎಂದು ಅಂಗಡಿಯಿಂದ ಪಿಸ್ತೂಲು ಕೊಂಡುಕೊಡುವ ಹಿರಿಯರಿಗೂ ಹತ್ತಿರದ ಸಂಬಂಧವಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಅನರ್ಥದಂಡದ ಐದು ಬಗೆಗಳಲ್ಲಿ ಹಿಂಸಾದಾನವನ್ನೂ ದುಃಶ್ರುತಿಯನ್ನೂ ಎಣಿಸುತ್ತದೆ. ಹಿಂಸೆಯ ಸಾಧನವನ್ನು ಇನ್ನೊಬ್ಬರ ಕೈಗೆ ಕೊಡುವುದು ಮೊದಲನೆಯದು, ಮನಸ್ಸನ್ನು ಕೆಡಿಸುವ ಕಥನವನ್ನು ಕೇಳುವುದು ಎರಡನೆಯದು. ಆಟಿಕೆಯು ಆಯುಧವಲ್ಲವೆಂಬುದು ನಿಜ. ಆದರೂ ಈ ವ್ರತದ ಒಳದೃಷ್ಟಿ ಇಲ್ಲಿ ಉಪಯುಕ್ತ: ಹೊಣೆಯು ಮೊದಲು ಕೊಡುವವನದು. ಐದು ವರ್ಷದ ಮಗುವಿನಿಂದ ವ್ರತಪಾಲನೆಯನ್ನು ನಿರೀಕ್ಷಿಸಿ, ವ್ರತ ಹೊತ್ತ ಹಿರಿಯರೇ ಹಬ್ಬಕ್ಕೆ ಪಿಸ್ತೂಲನ್ನೂ ಸಂಜೆಗೆ ಹೊಡೆದಾಟದ ಧಾರಾವಾಹಿಯನ್ನೂ ಒದಗಿಸುವುದು ವಿಪರ್ಯಾಸ.

ಪಶ್ಚಿಮದಲ್ಲಿ ನಡೆದ ಬದಲಾವಣೆಯನ್ನು ಅಹಿಂಸೆಯ ಸೋಲೆಂದು ತಿಳಿಯಬೇಕಾಗಿಲ್ಲ. ಅದನ್ನು ಪೂರ್ಣ ಗೆಲುವೆಂದು ಕೊಂಡಾಡಲೂ ಆಗದು. ಮಗುವಿನ ಕಲ್ಪನೆಯನ್ನು ಅಪರಾಧದ ಪಟ್ಟಿಯಿಂದ ಬಿಡಿಸಿದ್ದು ಹಾಲೆಂಡ್ ಅವರ ಗ್ರಂಥದ ಪುಣ್ಯ. ಮಾರಾಟದ ಬಂದೂಕಿಗೆ ಆ ಬಿಡುಗಡೆಯನ್ನು ವಿಸ್ತರಿಸದಿರುವುದು ಓದುವವರ ವಿವೇಕ. ಪಾಠಶಾಲೆಯಲ್ಲಿ ಮಗು ಕಡ್ಡಿಯನ್ನು ಗುರಿಯಿಟ್ಟಾಗ, ಯಾರನ್ನು ಕಾಪಾಡುತ್ತಿರುವೆ, ಬಿದ್ದವನಿಗೆ ನೋವಾಯಿತೆ, ಅವನನ್ನು ಯಾರು ಉಪಚರಿಸುವರು ಎಂದು ಕೇಳಬಲ್ಲ ಶಿಕ್ಷಕರು ಗದರಿಸುವವರಿಗಿಂತ ಹೆಚ್ಚಿನ ಅಹಿಂಸೆಯನ್ನು ಕಲಿಸುತ್ತಾರೆ. ಆಡಲು ಇಚ್ಛಿಸದ ಮಗುವಿನತ್ತ ಗುರಿಯಿಡಬಾರದು, ಅದು ಸಾಕೆಂದೊಡನೆ ನಿಲ್ಲಿಸಬೇಕು ಎಂಬ ನಿಯಮವನ್ನು ಅಷ್ಟು ಚಿಕ್ಕವರೂ ಪಾಲಿಸಬಲ್ಲರು. ಇನ್ನು ರಥೋತ್ಸವದ ದಿನಗಳಲ್ಲಿ ಬಸದಿಯ ಆವರಣದಲ್ಲಿ ಅಂಗಡಿಗಳಿಗೆ ಎಡೆಗೊಡುವ ವಿಶ್ವಸ್ತ ಮಂಡಳಿಗಳು, ಆಟದ ಪಿಸ್ತೂಲುಗಳ ಮಾರಾಟ ಕೂಡದೆಂಬ ಒಂದು ಷರತ್ತನ್ನು ಕರಾರಿಗೆ ಸೇರಿಸುವುದು ಕಷ್ಟದ ಕೆಲಸವೇನೂ ಅಲ್ಲ.