ಮೌನವು ಎಲ್ಲಿ ವ್ರತ, ಎಲ್ಲಿ ಲೋಪ?

ಶ್ರಾವಕನ ಮಾತು ಹಿತವಾಗಿರಬೇಕು, ಮಿತವಾಗಿರಬೇಕು, ಪ್ರಿಯವಾಗಿರಬೇಕು ಎಂಬುದು ಸರ್ವವಿದಿತ. ಆದರೆ ಈ ವಿಧಿಯನ್ನೇ ಮುಂದೊಡ್ಡಿ, ಸರ್ಕಾರಿ ಸಭೆಗಳಲ್ಲಿ ಪ್ರಶ್ನೆ ಕೇಳಲು ಎದ್ದವರನ್ನು ಕುಳ್ಳಿರಿಸುವ ರೂಢಿಯು ವಿಮರ್ಶಾರ್ಹವಾಗಿದೆ.

ಕಲ್ಯಾಣ ನಗರದಂತಹ ಬಡಾವಣೆಯ ನಿವಾಸಿಯು ಚರಂಡಿ, ಕಸ, ಬೀದಿದೀಪಗಳ ವಿಷಯವನ್ನು ಅಧಿಕಾರಿಗಳ ಸಮ್ಮುಖದಲ್ಲಿ ಎತ್ತಬೇಕಾದ ಸ್ಥಳವೆಂದರೆ ವಾರ್ಡ್ ಸಮಿತಿಯ ಸಭೆ. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ದೊಡ್ಡ ನಗರಗಳಿಗೆ ಈ ಸಮಿತಿಗಳನ್ನು ವಿಧಿಸಿತು. 2020ರ ಸೆಪ್ಟೆಂಬರಿನಲ್ಲಿ ಮಹಾನಗರ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ ಮುಗಿಯಿತು. 2025ರಲ್ಲಿ ಪಾಲಿಕೆಯು 5 ನಗರಪಾಲಿಕೆಗಳಾಗಿ ವಿಂಗಡಣೆಯಾಗುವವರೆಗೂ ಚುನಾವಣೆ ನಡೆಯಲಿಲ್ಲ. ಪ್ರತಿನಿಧಿಯೇ ಇಲ್ಲದ ಕಾಲದಲ್ಲಿ ನಾಗರಿಕನ ನೇರ ಮಾತಿಗೆ ಬೆಲೆ ಇಮ್ಮಡಿಯಾಗಬೇಕಲ್ಲವೆ?

2022ರ ಸೆಪ್ಟೆಂಬರಿನಲ್ಲಿ ನಗರದ ಪೂರ್ವಭಾಗದಲ್ಲಿ ಮಳೆಹಾನಿಯ ಸ್ಥಳಕ್ಕೆ ಬಂದ ಶಾಸಕರೊಬ್ಬರು ಅಹವಾಲು ನೀಡಲು ಬಂದ ಮಹಿಳೆಯನ್ನು ಗದರಿದ ದೃಶ್ಯವನ್ನು ನಾಡೆಲ್ಲ ಕಂಡಿತು. ಆಕೆಯದೇ ಒತ್ತುವರಿ ಎಂಬ ಸಮರ್ಥನೆಯೂ ಬಂತು. ಅದು ನಿಜವೋ ಸುಳ್ಳೋ ಎಂಬುದು ವಿಚಾರಣೆಯ ವಿಷಯ. ಆದರೆ ಅಹವಾಲು ಸರಿಯೇ ಎಂದು ತಿಳಿಯಬೇಕಾದರೆ ಮೊದಲು ಅದನ್ನು ಕೇಳಬೇಕು. ತಪ್ಪು ಮಾತನಾಡುವವನಿಗೂ ಮಾತನಾಡುವ ಹಕ್ಕುಂಟು. ಅನೇಕಾಂತದ ತಿರುಳೂ ಇದೇ: ಒಂದು ನಯವನ್ನು ಕೇಳದೆ ವಸ್ತುವಿನ ಪೂರ್ಣ ದರ್ಶನವಿಲ್ಲ.

ಜೈನ ಸಮಾಜಕ್ಕೆ ಇದು ಹೊಸ ಪಾಠವಲ್ಲ. 1368ರಲ್ಲಿ ಆನೆಗೊಂದಿ, ಪೆನುಗೊಂಡೆ ಮೊದಲಾದ ಕಡೆಗಳ ಭವ್ಯಜನರು ತಮಗೆ ವೈಷ್ಣವರಿಂದ ಅನ್ಯಾಯವಾಗುತ್ತಿದೆಯೆಂದು ಬುಕ್ಕರಾಯನಲ್ಲಿ ಬಿನ್ನವಿಸಿಕೊಂಡರು. ಅರಸನು ಉಭಯ ಪಕ್ಷದವರನ್ನೂ ಕೂಡಿಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿದನು. ಶ್ರವಣಬೆಳಗೊಳದ ಶಾಸನವು ಇದಕ್ಕೆ ಸಾಕ್ಷಿ. ಅಂದು ಹಿರಿಯರು ಪ್ರಬಲರ ವೈಮನಸ್ಯಕ್ಕೆ ಅಂಜಿ ಸುಮ್ಮನಿದ್ದಿದ್ದರೆ ಆ ಶಾಸನವೂ ಇರುತ್ತಿರಲಿಲ್ಲ, ಆ ರಕ್ಷಣೆಯೂ ದೊರೆಯುತ್ತಿರಲಿಲ್ಲ.

ಹಾಗೆಂದು ಸಭೆಯಲ್ಲಿ ಬಾಯಿಗೆ ಬಂದಂತೆ ನುಡಿಯುವುದು ಹಕ್ಕಾಗದು. ಸಂವಿಧಾನದ 19ನೆಯ ವಿಧಿಯು ವಾಕ್‌ಸ್ವಾತಂತ್ರ್ಯವನ್ನು ಕೊಟ್ಟು, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ ಮುಂತಾದವುಗಳಿಗೆ ನ್ಯಾಯಸಮ್ಮತ ಮಿತಿಯನ್ನೂ ಹಾಕಿದೆ. ಅಧ್ಯಕ್ಷರು ಸರದಿ ಗೊತ್ತುಮಾಡಬಹುದು, ಸಮಯವನ್ನು ನಿಗದಿಪಡಿಸಬಹುದು. ಆದರೆ ಅಪ್ರಿಯವಾದ ಅಭಿಪ್ರಾಯವೆಂಬ ಒಂದೇ ಕಾರಣಕ್ಕೆ ಬಾಯಿ ಮುಚ್ಚಿಸಲಾಗದು. ಭಾಷಾಸಮಿತಿಯು ಸಾಧಕನು ತನ್ನ ನಾಲಗೆಗೆ ತಾನೇ ಹಾಕಿಕೊಳ್ಳುವ ಕಡಿವಾಣ. ಅದನ್ನು ಪರರ ಬಾಯಿಗೆ ಬಿಗಿದರೆ ಅದು ವ್ರತವಾಗದು, ಹಿಂಸೆಯಾಗುತ್ತದೆ.

ಬಸದಿಯ ಟ್ರಸ್ಟುಗಳೂ ಇದನ್ನು ಮನಗಾಣಬೇಕು. ಕಚೇರಿಯ ಕೃಪೆಗಾಗಿ ಮೌನವನ್ನು ಉಪದೇಶಿಸುವುದು ಧರ್ಮವಲ್ಲ. ತಮ್ಮ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕ ಕೇಳಿದ ಯುವಕನನ್ನು ತಾಳ್ಮೆಯಿಂದ ಆಲಿಸುವ ಹಿರಿಯರಿಗೆ ಮಾತ್ರ, ಸರ್ಕಾರದ ಸಭೆಯಲ್ಲಿ ತಮ್ಮ ಮಾತನ್ನೂ ಆಲಿಸಿರೆಂದು ಕೇಳುವ ನೈತಿಕ ಬಲ ಬರುತ್ತದೆ.